ತೋಳಿನೊಳಗಿನ ಕೈಗವಸು

ಹೆಣ ಏಳನೇ ಸಾಲಿನಲ್ಲಿ ಸಿಕ್ಕಿತು. ದ್ರಾಕ್ಷಿ ಚಪ್ಪರದ ಕೆಳಗೆ, ಕಂಬಕ್ಕೆ ಬೆನ್ನು ಕೊಟ್ಟು ಕೂತಿತ್ತು. ಮೈಗೆ ಬಿಳಿ ಕವಚ, ಕಾಲಿಗೆ ರಬ್ಬರ್ ಬೂಟು, ಕೈಗೆ ಗವಸು, ಕಣ್ಣಿಗೆ ದಪ್ಪ ಕನ್ನಡಕ, ಮೂಗು ಬಾಯಿಗೆ ಮುಖವಾಡ. ಒಂದು ಗುಂಡಿಯೂ ಬಿಚ್ಚಿರಲಿಲ್ಲ. ಮದ್ದು ಹೊಡೆಯುವವನು ಹೇಗಿರಬೇಕೋ ಹಾಗೇ ಸತ್ತಿದ್ದ.

ಕೂಲಿಯವರು ಅವನನ್ನು ಮದುಮಗ ಎನ್ನುತ್ತಿದ್ದರು. ಮದ್ದಿನ ದಿನ ಬಂತೆಂದರೆ ಕವಚ ಕೊಡಿ ಎಂದು ಹಟ ಹಿಡಿಯುತ್ತಿದ್ದ. ಪೂರ್ತಿ ಅಲಂಕಾರ ಆಗದೆ ಇವನು ಹೊಸಿಲು ದಾಟುವುದಿಲ್ಲ ಎಂದು ಉಳಿದವರು ನಗುತ್ತಿದ್ದರು.

ಅವತ್ತು ಹನ್ನೊಂದು ಗಂಟೆಗೆ ಹಣ್ಣು ಕೊಳ್ಳುವ ಕಂಪನಿಯವರು ತೋಟದ ತಪಾಸಣೆಗೆ ಬರುವವರಿದ್ದರು. ಅವರಿಗಿಂತ ಮೊದಲು ಪೊಲೀಸ್ ಜೀಪು ಬಂತು.

ಮ್ಯಾನೇಜರ್ ಗಾಬರಿಯಾಗಿರಲಿಲ್ಲ. ನಮ್ಮಲ್ಲಿ ಎಲ್ಲ ಕೊಡುತ್ತೇವೆ, ನೀವೇ ನೋಡುತ್ತಿದ್ದೀರಿ ಎಂದು ಇನ್ಸ್‌ಪೆಕ್ಟರಿಗೆ ಹೇಳಿದ. ಇಷ್ಟು ಹಾಕಿಕೊಂಡವನ ಮೈಗೆ ವಿಷ ತಗಲಬೇಕಾದರೆ ದಾರಿ ಒಂದೇ. ಕವಚಗಳು ವಾರಕ್ಕೊಮ್ಮೆ ಒಗೆಯಲು ಹೋಗುತ್ತವೆ. ಸರಿಯಾಗಿ ಒಗೆಯದಿದ್ದರೆ ವಿಷ ಒಳಗೇ ಉಳಿಯುತ್ತದೆ.

ಇನ್ಸ್‌ಪೆಕ್ಟರ್ ಕವಚದ ಕೊರಳು ಮಗುಚಿ ನೋಡಿದ. ಹೊರಗೆ ಚೊಕ್ಕ. ಒಳಗೆ ಮದ್ದಿನ ನೀಲಿ ಕಲೆ.

"ಒಗೆದಿದ್ದು ಯಾರು?"

ಎಲ್ಲರೂ ತೋಟದ ಬಟ್ಟೆ ಒಗೆಯುವ ಬಟ್ಟೆಯಕ್ಕನ ಕಡೆ ತಿರುಗಿದರು.

ಅವಳು ತೊಟ್ಟಿಯ ಹತ್ತಿರದಿಂದ ಬಂದಿದ್ದಳು. ಕೈ ಇನ್ನೂ ಒದ್ದೆ. ತನ್ನ ತೊಟ್ಟಿಗೆ ಬರುವುದು ಕೂಲಿಯವರ ಅಂಗಿ ಚಡ್ಡಿ ಮಾತ್ರ, ನಾಲ್ಕು ತಿಂಗಳಿಂದ ಒಂದು ಕವಚವೂ ಬಂದಿಲ್ಲ, ತಪಾಸಣೆ ಇದ್ದರೆ ಮಾತ್ರ ಕವಚದ ಕಪಾಟಿನ ಬೀಗ ತೆಗೆಯುತ್ತಾರೆ ಎಂದಳು. ಇನ್ಸ್‌ಪೆಕ್ಟರ್ ಕೂಲಿಯವರನ್ನು ಕೇಳಿದ. ಹನ್ನೊಂದು ಗಂಡಸರು ನೆಲ ನೋಡಿದರು. ಕಪಾಟಿನ ಬೀಗದ ಕೈ ಇಟ್ಟುಕೊಂಡಿದ್ದ ಉಗ್ರಾಣದವನು ಅವಳ ಸ್ವಂತ ಮೈದುನ. ಅವನೂ ನೆಲ ನೋಡಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲಿ ಎಮ್ಮೆ ಯಾರೆಂದು ಅವಳಿಗೆ ಆಗಲೇ ತಿಳಿಯಿತು.

ಮದುಮಗನ ಹೆಂಡತಿ ಬಂದವಳೇ ಅವಳ ಜುಟ್ಟು ಹಿಡಿದಳು. "ಎರಡು ಬಕೆಟ್ ನೀರು ಉಳಿಸೋಕೆ ನನ್ನ ಗಂಡನ್ನ ತಿಂದ್ಯಲ್ಲೇ." ಬಿಡಿಸಲು ಯಾರೂ ಮುಂದೆ ಬರಲಿಲ್ಲ.

"ಸಂಜೆಯೊಳಗೆ ಬರೆದು ಮುಗಿಸ್ತೀನಿ," ಎಂದ ಇನ್ಸ್‌ಪೆಕ್ಟರ್. "ನಿರ್ಲಕ್ಷ್ಯದಿಂದ ಸಾವು. ಎರಡು ವರ್ಷ ಒಳಗಿರ್ತೀಯ."

ಜೀಪು ಹತ್ತುವಾಗ ಅವಳು ಮೈದುನನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು. "ಹಾಸಿಗೆ ಹಿಡಿದಿರೋ ನಿಮ್ಮಮ್ಮನ್ನ ಇನ್ನು ನೀನೇ ತೊಳಿ. ದಿನಕ್ಕೆ ಮೂರು ಸಲ. ಅಭ್ಯಾಸ ಆಗುತ್ತೆ."

*

ಠಾಣೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿ ಸತ್ತವನ ಬಟ್ಟೆ ಹರಡಿದ್ದರು. ಬಿಚ್ಚುವ ಮುಂಚೆ ತೆಗೆದ ಫೋಟೊಗಳೂ ಇದ್ದವು. ನೋಡುತ್ತೇನೆ ಎಂದು ಬಟ್ಟೆಯಕ್ಕ ಎರಡು ಸಲ ಕೇಳಿದಳು. ಇನ್ಸ್‌ಪೆಕ್ಟರ್ ಎರಡು ಸಲವೂ ಗದರಿದ. ಮೂರನೆಯ ಸಲ, ಬಾಯಿ ಮುಚ್ಚಲಿ ಎಂದು, ಒಂದು ಜೊತೆ ಕೈಗವಸು ಎಸೆದ. ಹನ್ನೆರಡು ವರ್ಷ ವಿಷದ ಬಟ್ಟೆ ಒಗೆದವಳಿಗೆ ಯಾರಾದರೂ ಗವಸು ಕೊಟ್ಟದ್ದು ಅದೇ ಮೊದಲು.

ಅವಳು ಮುಖವಾಡ ಮಗುಚಿ ನೋಡಿ ಇಟ್ಟಳು, ಕವಚ ಬಿಟ್ಟು ಒಳಗಿನ ಅಂಗಿ ಎತ್ತಿಕೊಂಡಳು. ಕೊರಳು, ಹೆಗಲು, ಬೆನ್ನಿನ ಮೇಲ್ಭಾಗ ನೀಲಿ. ಮುಂಗೈಯಿಂದ ಮೊಣಕೈವರೆಗೆ ತೋಳು ಚೊಕ್ಕ.

"ಕವಚದಿಂದ ಹತ್ತಿದ ಕಲೆ ಮೈಯೆಲ್ಲ ಉಜ್ಜಿಕೊಂಡಿರುತ್ತೆ," ಎಂದಳು. "ಇದು ಮೇಲಿಂದ ಬಿದ್ದಿದ್ದು. ಬರೀ ಅಂಗಿಯಲ್ಲೇ ಮದ್ದು ಹೊಡೆದಿದ್ದಾನೆ. ಕವಚ ಆಮೇಲೆ ಬಂತು. ಅಂಗಿ ಕಲೆ ಕವಚಕ್ಕೆ ಹತ್ತಿದೆ, ಕವಚದ್ದು ಅಂಗಿಗಲ್ಲ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟ. ತೋಳು ಯಾಕೆ ಚೊಕ್ಕ ಎಂದು ಕೇಳಿದ. ಅವಳು ವಿವರಿಸಿದಳು. ಚಪ್ಪರಕ್ಕೆ ಹೊಡೆಯುವವನ ಕೈ ಇಡೀ ದಿನ ಮೇಲಿರುತ್ತದೆ. ಮದ್ದು ಬೆರಳಿಂದ ಮೊಣಕೈ ಕಡೆಗೆ ಇಳಿಯುತ್ತದೆ. ಅದಕ್ಕೇ ಇಲ್ಲಿಯವರು ತಮ್ಮ ಹತ್ತಿರವೇ ಇಟ್ಟುಕೊಂಡಿರುವ ಉದ್ದ ಗವಸನ್ನು ತೋಳಿನ ಮೇಲೆ ಎಳೆದು, ಅಂಚನ್ನು ಬಟ್ಟಲಿನ ಹಾಗೆ ಮಡಚುತ್ತಾರೆ. ಮದುಮಗನೂ ಬೆಳಿಗ್ಗೆ ಹಾಗೇ ಹಾಕಿದ್ದ, ತೋಳು ಹೇಳುತ್ತದೆ. ಆಮೇಲೆ ಅವಳು ಫೋಟೊದ ಮೇಲೆ ಬೆರಳಿಟ್ಟಳು. ಅಲ್ಲಿ ಕವಚದ ತೋಳು ಮೇಲೆ, ಗವಸು ಒಳಗೆ.

"ಸಾಯೋ ದಿನ ಯಾರೂ ಹೊಸದಾಗಿ ಗವಸು ಹಾಕೋದು ಕಲಿಯಲ್ಲ ಸಾರ್."

ಇನ್ಸ್‌ಪೆಕ್ಟರ್ ತಕ್ಷಣ ಎದ್ದ. ಬೀಗದ ಕೈ ಇದ್ದದ್ದು ಒಬ್ಬನ ಹತ್ತಿರ. ಅರ್ಧ ಗಂಟೆಯಲ್ಲಿ ಉಗ್ರಾಣದವನು ಎದುರು ನಿಂತಿದ್ದ. ಹಿಂದಿನ ದಿನ ಕಪಾಟಿನ ಮುಂದೆ ಅವನೂ ಮದುಮಗನೂ ಕೈ ಕೈ ಮಿಲಾಯಿಸಿದ್ದರು. ಅದನ್ನು ಒಪ್ಪಿಕೊಂಡ. ಬೇರೆ ಯಾವುದಕ್ಕೂ ಬಾಯಿ ಬಿಡಲಿಲ್ಲ. ಎರಡು ಏಟು ಬಿತ್ತು. ಆಗಲೂ ಬಿಡಲಿಲ್ಲ.

"ಇವನಲ್ಲ," ಎಂದಳು ಬಟ್ಟೆಯಕ್ಕ. "ಕೈ ನಡುಗೋಕೆ ಶುರುವಾಗೋವರೆಗೂ ಆರು ವರ್ಷ ಮದ್ದು ಹೊಡೆದಿದ್ದಾನೆ. ನನ್ನ ಮೈದುನ ಹೇಡಿ, ಅನ್ನ ಹಾಕಿದವಳನ್ನೇ ಮಾರೋನು. ಆದ್ರೆ ಗವಸು ತಪ್ಪಾಗಿ ಹಾಕೋನಲ್ಲ. ಕೈ ಎತ್ತಿ ಒಂದು ದಿನವೂ ಮದ್ದು ಹೊಡೀದೇ ಇರೋನು ಹಾಕಿಸಿದ್ದಾನೆ."

*

ಸಂಜೆ ನಾಲ್ಕಕ್ಕೆ ತೋಟದ ಆಫೀಸಿನಲ್ಲಿ ಇನ್ಸ್‌ಪೆಕ್ಟರ್ ಮೂರು ಹೊಸ ಕವಚ ತೆಗೆಸಿದ. ಬಟ್ಟೆಯಕ್ಕ ಮೂಲೆಯಲ್ಲಿ ಕೂತಿದ್ದಳು, ಮದುಮಗನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ತಪಾಸಣೆಯವರಿಗೆ ವರದಿ ಬೇಕು, ಇಲ್ಲಿ ಹೇಗೆ ಹಾಕಿಕೊಳ್ಳುತ್ತಾರೆ ತೋರಿಸಿ ಎಂದ. ಮುದಿ ಕೂಲಿಯವನೊಬ್ಬ ಹಾಕಿಕೊಂಡ. ಉಗ್ರಾಣದವನು ನಡುಗುವ ಕೈಯಲ್ಲೇ ಹಾಕಿಕೊಂಡ. ಇಬ್ಬರ ಗವಸೂ ತೋಳಿನ ಮೇಲೆ, ಅಂಚು ಮಡಚಿತ್ತು.

ಮ್ಯಾನೇಜರ್ ನಕ್ಕ. "ಏನ್ರೋ ಇದು, ನೀರು ಸೇದೋಕೆ ಹೊರಟಿದ್ದೀರಾ? ಇವರಿಗೆ ಎಷ್ಟು ಸಲ ಕಲಿಸಿದ್ರೂ ಅಷ್ಟೆ ಸಾರ್."

ಅವನು ಗವಸು ಮೊದಲು ಹಾಕಿ, ಕವಚದ ತೋಳನ್ನು ಅದರ ಮೇಲೆ ನೀಟಾಗಿ ಎಳೆದು, ಎರಡೂ ಕೈ ಚಾಚಿ ತೋರಿಸಿದ. ಅವನ ಬೆನ್ನ ಹಿಂದಿನ ಗೋಡೆಯ ಪಟದಲ್ಲಿ ಒಬ್ಬ ತರಕಾರಿ ಪಾತಿಗೆ ಬಗ್ಗಿ ಮದ್ದು ಹೊಡೆಯುತ್ತಿದ್ದ. ತೋಳು ಮೇಲೆ, ಗವಸು ಒಳಗೆ. ಬಗ್ಗಿ ಹೊಡೆಯುವವನಿಗೆ ಅದು ಸರಿ.

"ಹಾಗೆ ಹಾಕ್ಕೊಂಡು ಕೈ ಎತ್ತಿದ್ರೆ ವಿಷ ಕಂಕುಳಿಗೇ ಬರುತ್ತೆ ಸ್ವಾಮಿ," ಎಂದ ಮುದುಕ.

ಇನ್ಸ್‌ಪೆಕ್ಟರ್ ಫೋಟೊ ಮೇಜಿನ ಮೇಲಿಟ್ಟ. ಮ್ಯಾನೇಜರ್ ಅದನ್ನು ನೋಡಿದ, ತನ್ನ ಕೈ ನೋಡಿಕೊಂಡ. ಆಗ ಉಗ್ರಾಣದವನು ಬಾಯಿ ಬಿಟ್ಟ. ಒಂಬತ್ತೂವರೆಗೆ ಮ್ಯಾನೇಜರ್ ಬೀಗದ ಕೈ ಇಸಕೊಂಡು ಹೋದರು, ಹೇಳಿದರೆ ಕೆಲಸ ಇಲ್ಲ ಎಂದರು.

ಉಳಿದದ್ದನ್ನು ಮ್ಯಾನೇಜರ್ ತಾನೇ ಹೇಳಿದ. ತಪಾಸಣೆಗೆ ಮೊದಲು ಆ ಸಾಲುಗಳು ಮುಗಿಯಬೇಕಿತ್ತು. ಕಪಾಟು ತೆಗೆಯಲು ಪುರಸೊತ್ತಿಲ್ಲ ಎಂದು ಎಲ್ಲರನ್ನೂ ಹಾಗೇ ಇಳಿಸಿದ್ದ. ನೋಡಲು ಬಂದಾಗ ಇವನು ಬಿದ್ದಿದ್ದ. ಹನ್ನೊಂದಕ್ಕೆ ಬರುವವರು ಅಂಗಿಯಲ್ಲಿ ಬಿದ್ದವನನ್ನು ಕಂಡರೆ ತೋಟದ ಕತೆ ಮುಗಿಯಿತು.

"ತಪ್ಪು ಮಾಡಿದೆ. ಆದ್ರೆ ಕೊಂದಿಲ್ಲ ಸಾರ್. ನಾನು ನೋಡೋ ಹೊತ್ತಿಗೇ ಸತ್ತಿದ್ದ. ಹೆಣಕ್ಕೆ ಬಟ್ಟೆ ತೊಡಿಸಿದೆ, ಅಷ್ಟೆ."

"ಮುಖವಾಡದ ಒಳಗೆ ವಾಂತಿ ಇತ್ತು," ಎಂದಳು ಬಟ್ಟೆಯಕ್ಕ. "ಹೆಣ ವಾಂತಿ ಮಾಡಲ್ಲ."

ಮ್ಯಾನೇಜರ್ ಕುರ್ಚಿ ಎಳೆದುಕೊಂಡ.

ಆಸ್ಪತ್ರೆಗೆ ಕಾರಿನಲ್ಲಿ ಹತ್ತು ನಿಮಿಷದ ದಾರಿ. ತೊಡಿಸಲು ಎಷ್ಟು ಹೊತ್ತು ಹಿಡಿಯಿತು ಎಂದು ಇನ್ಸ್‌ಪೆಕ್ಟರ್ ಕೇಳಿದ. ಇಪ್ಪತ್ತು ನಿಮಿಷ ಎಂದ ಮ್ಯಾನೇಜರ್. ಸೋತ ಮೈಗೆ ರಬ್ಬರ್ ಬೂಟು ಒಬ್ಬನೇ ಹೇಗೆ ಏರಿಸಿದೆ ಎಂದು ಇನ್ಸ್‌ಪೆಕ್ಟರ್ ಮತ್ತೆ ಕೇಳಿದ.

ಮ್ಯಾನೇಜರ್ ಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆಯುತ್ತ ಕೂತ.

"ಕಷ್ಟ ಆಗಲಿಲ್ಲ," ಎಂದ ಕೊನೆಗೆ. "ಅವನೇ ಕಾಲು ಚಾಚಿದ. ಆಸ್ಪತ್ರೆಗೆ ಹೊರಡಿಸ್ತಿದ್ದೀನಿ ಅಂದ್ಕೊಂಡ."

ಬಾಗಿಲ ಬಳಿ ಮದುಮಗನ ಹೆಂಡತಿ ನೆಲಕ್ಕೆ ಕುಸಿದಳು. ಬಟ್ಟೆಯಕ್ಕ ಅವಳ ಕಡೆ ಹೋಗಲಿಲ್ಲ. ನೀನಿನ್ನು ಹೊರಡಬಹುದು ಎಂದು ಇನ್ಸ್‌ಪೆಕ್ಟರ್ ಹೇಳಿದರೂ ಕದಲಲಿಲ್ಲ.

"ಬರ್ಕೊಳಿ," ಎಂದಳು.

"ಏನನ್ನ?"

"ಈಗ ಹೇಳಿದ್ದನ್ನ. ಕಾಲು ಚಾಚಿದ ಅಂತ. ನಾಳೆ ಇವನು ಇಲ್ಲ ಅಂತಾನೆ."

ಇನ್ಸ್‌ಪೆಕ್ಟರ್ ಪೆನ್ನು ತೆಗೆದು ಬರೆದ. ಓದಲು ಬಾರದ ಅವಳು ಗಟ್ಟಿಯಾಗಿ ಓದಿಸಿ ಕೇಳಿಸಿಕೊಂಡು, ಆಮೇಲೆ ಎದ್ದಳು.