ನಾಲ್ಕನೆಯ ಪೊರೆ

ನನ್ನ ತಮ್ಮ ತೀರಿಹೋದ ಸುದ್ದಿ ಬಂದದ್ದು ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ. ಪ್ರಾರ್ಥನೆ ಮುಗಿಸಿ ಎದ್ದು ಫೋನ್ ನೋಡಿದೆ. ಹನ್ನೊಂದು ಐವತ್ತಕ್ಕೆ ಅವನೇ ನನಗೆ ಕರೆ ಮಾಡಿದ್ದ. ಪ್ರಾರ್ಥನೆಗೆ ಕುಳಿತಾಗ ಫೋನಿನ ಸದ್ದು ಅಡಗಿಸಿಡುವುದು ನನ್ನ ರೂಢಿ. ತಿರುಗಿ ಕರೆ ಮಾಡಬೇಕೆನ್ನುವಷ್ಟರಲ್ಲಿ ಅವನ ಕಾರ್ಖಾನೆಯಿಂದಲೇ ಕರೆ ಬಂತು. ಸ್ಟೂಲಿನ ಮೇಲೆ ಕುಳಿತಲ್ಲೇ ಒರಗಿಬಿಟ್ಟನಂತೆ. ವೈದ್ಯರು ಬರುವ ಹೊತ್ತಿಗೆ ಹೃದಯ ನಿಂತುಹೋಗಿತ್ತಂತೆ.

ಮೂರನೆಯ ದಿನ ತಮ್ಮನ ಮಗಳು ಒಂದು ನೋಟ್‌ಬುಕ್ಕನ್ನು ಎದೆಗವಚಿಕೊಂಡು ಬಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

"ದೊಡ್ಡಪ್ಪ, ಅಪ್ಪ ಸುಳ್ಳು ಅಂಕಿ ಬರೆದ್ರು ಅಂತ ಎಲ್ಲರೂ ಹೇಳ್ತಿದ್ದಾರೆ. ನಿಜಾನಾ?"

ಮೆಟ್ಟಿಲ ಮೇಲಿಂದ ಉತ್ತರ ಬಂತು: "ಕೂತ್ಕೊ ಮಗು. ಮೊದಲಿಂದ ಹೇಳು."

ಹಾಗೆಂದವರು ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಕಿವಿಯಮ್ಮ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಜನರ ಕಿವಿ ಪರೀಕ್ಷೆ ಮಾಡಿ ನಿವೃತ್ತರಾದವರು. ಒಮ್ಮೆ ಅಲ್ಲಿ ಔಷಧ ಕಳವಾದಾಗ, ಕಪಾಟಿನ ಬೀಗದ ಸದ್ದು ಬದಲಾದದ್ದನ್ನು ಹಿಡಿದು ಕಳ್ಳನನ್ನು ತೋರಿಸಿದ್ದರು. ಅಂದಿನಿಂದ ಏನೇ ಕಗ್ಗಂಟಾದರೂ ಜನ ಅವರ ಬಾಗಿಲು ತಟ್ಟುತ್ತಾರೆ. ಅವರ ಹಿಂದೆ ಕೊಡೆ ಹಿಡಿದು ಹೋಗುವವನು ನಾನು.

ಹುಡುಗಿ ಹೇಳಿದ್ದಿಷ್ಟು. ಆ ಕಾರ್ಖಾನೆ ಪುಟ್ಟ ಕಂಪ್ಯೂಟರುಗಳನ್ನು ಕಟ್ಟುತ್ತದೆ. ಒಂದು ಆಸ್ಪತ್ರೆ ರೋಗಿಗಳ ಹಾಸಿಗೆಯ ಪಕ್ಕ ಇಡಲು ಅಂಥ ಯಂತ್ರಗಳನ್ನು ಕೇಳಿತ್ತು. ಒಳಗಿನ ಪ್ರೊಸೆಸರ್ ಕಾಯಬಾರದು, ಅದನ್ನು ತಣಿಸುವ ಫ್ಯಾನು ರೋಗಿಯ ನಿದ್ದೆ ಕೆಡಿಸಬಾರದು. ಪ್ರೊಸೆಸರಿನ ಮೇಲೆ ಕೂರುವ ಅಂಗೈಯಗಲದ ಕೂಲರುಗಳಲ್ಲಿ ಮೂರನ್ನು ನನ್ನ ತಮ್ಮ ಹೋಲಿಸಿ ನೋಡಿದ್ದ. ಒಂದೇ ಯಂತ್ರ, ಒಂದೇ ಕೋಣೆ, ಒಂದು ಗಂಟೆ ಪೂರ್ತಿ ಕೆಲಸದ ಹೊರೆ, ಶಬ್ದಮಾಪಕ ಮೊಳದ ದೂರದಲ್ಲಿ. ಕೋಣೆಯ ಗೋಡೆ ಗಡಿಯಾರವನ್ನೂ ನಿಲ್ಲಿಸಿಡುತ್ತಿದ್ದನಂತೆ. ಅವನು ಎರಡನೆಯ ಕೂಲರನ್ನು ಆರಿಸಿದ. ಶನಿವಾರ ಹತ್ತು ಗಂಟೆಗೆ ಆಸ್ಪತ್ರೆಯ ಮುಖ್ಯ ದಾದಿಯ ಎದುರು ಯಂತ್ರ ಹಚ್ಚಿದರೆ, ಎಂಟೇ ನಿಮಿಷದಲ್ಲಿ ಫ್ಯಾನು ಕಿರುಚಿಕೊಂಡು, ಕಾವು ತೊಂಬತ್ತೈದು ಮುಟ್ಟಿ, ಯಂತ್ರ ತಾನೇ ಆರಿಹೋಯಿತು. ಯಜಮಾನರು ಎಲ್ಲರೆದುರು, "ಯಾರನ್ನ ಮೆಚ್ಚಿಸೋಕೆ ಈ ಅಂಕಿ ಬರೆದೆ?" ಎಂದು ಕೇಳಿದರಂತೆ. ತಮ್ಮ ಯಂತ್ರ ಎತ್ತಿಕೊಂಡು ತನ್ನ ಕೋಣೆಗೆ ಹೋದನಂತೆ.

ಕಿವಿಯಮ್ಮ ನೋಟ್‌ಬುಕ್ ಬಿಡಿಸಿದರು. ತಮ್ಮನ ದುಂಡನೆಯ ಅಕ್ಷರ.

"ಗುರುವಾರ. ಒಂದು: ೭೪ ಡಿಗ್ರಿ, ೩೧ ಡೆಸಿಬಲ್. ಎರಡು: ೬೮ ಡಿಗ್ರಿ, ೨೬ ಡೆಸಿಬಲ್. ಸುತ್ತಿಗೊಮ್ಮೆ ಸಣ್ಣ ಟಿಕ್. ಮಾಪಕಕ್ಕೆ ಸಿಗುವುದಿಲ್ಲ, ಕಿವಿಗೆ ಸಿಗುತ್ತದೆ. ಮೂರು: ೬೬ ಡಿಗ್ರಿ, ೩೯ ಡೆಸಿಬಲ್, ರೋಗಿ ಎದ್ದು ಕೂರುತ್ತಾನೆ."

ಕೊನೆಯ ಮಾತಿಗೆ ನನಗೆ ನಗು ಬಂತು. ಅದರ ಕೆಳಗೆ ಇನ್ನೊಂದು ಸಾಲು, ಅಕ್ಷರ ಸ್ವಲ್ಪ ನಡುಗಿತ್ತು: "ಶನಿವಾರ, ೧೧.೪೫. ಎರಡು: ೬೮, ೨೬. ಟಿಕ್ ಇಲ್ಲ."

ಪುಟದ ಅಂಚಿಗೆ ತೆಳುವಾದ ಪ್ಲಾಸ್ಟಿಕ್ ಪೊರೆಯ ಚೌಕಗಳನ್ನು ಅಂಟಿಸಿದ್ದ. ಒಟ್ಟು ನಾಲ್ಕು. ಮೂರು ನೀರಿನಂತೆ ತಿಳಿ. ನಾಲ್ಕನೆಯದಕ್ಕೆ ಬೂದು ಬಣ್ಣ ಮೆತ್ತಿತ್ತು. ಕೈ ಒರೆಸಿದ ಗುರುತಿರಬೇಕೆಂದು ನಾನು ಅದನ್ನು ಅಷ್ಟಕ್ಕೇ ಬಿಟ್ಟೆ.

"ಇದೇನು ಪೊರೆ, ಮಗು?"

"ಹೊಸ ಕೂಲರ್ ತಳಕ್ಕೆ ಅಂಟಿಸಿರ್ತಾರೆ ಅಜ್ಜಿ, ಗೀರು ಬೀಳಬಾರದು ಅಂತ. ಕೂರಿಸೋ ಮುಂಚೆ ಕೀಳ್ಬೇಕು. ಕಿತ್ತಿದ್ದಕ್ಕೆ ಸಾಕ್ಷಿ ಇರ್ಲಿ ಅಂತ ಅಪ್ಪ ಪ್ರತಿಯೊಂದನ್ನೂ ಪುಸ್ತಕಕ್ಕೆ ಅಂಟಿಸ್ತಿದ್ರು."

ಕಿವಿಯಮ್ಮ ಆ ಪುಟವನ್ನು ಬಹಳ ಹೊತ್ತು ನೋಡಿದರು. "ಅಣ್ಣ, ಕೊಡೆ ತಗೊಳ್ಳಿ" ಎಂದರು.

ಕಾರ್ಖಾನೆಯೆಂದರೆ ಒಂದು ಉದ್ದನೆಯ ಹಜಾರ, ಅದರ ತುದಿಯಲ್ಲಿ ತಮ್ಮನ ಪರೀಕ್ಷಾ ಕೋಣೆ, ಎದುರಿಗೆ ಯಜಮಾನರ ಕೋಣೆ. ಹಜಾರದಲ್ಲಿ ಯಂತ್ರ ಜೋಡಿಸುವ ಹೆಂಗಸು ನಮ್ಮನ್ನು ಕಂಡು ಎದ್ದು ನಿಂತಳು. ಅವಳನ್ನು ಎಲ್ಲರೂ ಸ್ಕ್ರೂ ಅಕ್ಕ ಎನ್ನುತ್ತಾರೆ.

"ಶುಕ್ರವಾರ ಐದು ಗಂಟೆಗೆ ಯಂತ್ರಕ್ಕೆ ಮೇಲಿನ ಡಬ್ಬ ಹಾಕಿ ಮುಚ್ಚಿದ್ದು ನಾನೇ ಅಮ್ಮ. ಒಳಗಿನ ಕೂಲರ್ ಮುಟ್ಟಿಲ್ಲ. ಅದು ಗುರುವಾರ ಇವರ ತಮ್ಮ, ನಮ್ಮಣ್ಣ ಕೂರಿಸಿದ್ದೇ, ಮುಚ್ಚೋ ಮುಂಚೆ ಹಚ್ಚಿ ನೋಡಿದಾಗಲೂ ಟಿಕ್ ಅಂತಿತ್ತು. ಆಮೇಲೆ ಅಣ್ಣ, ನಾನು ಇಬ್ರೂ ಒಟ್ಟಿಗೇ ಮನೆಗೆ ಹೊರಟ್ವಿ."

"ನೀನು ಕೂಲರ್ ಕೂರಿಸುವಾಗ ಪೊರೆ ಕೀಳೋದು ಮರೆತದ್ದುಂಟಾ?"

"ನಾನು ಬಾಳೆಹಣ್ಣನ್ನ ಸಿಪ್ಪೆ ಸಮೇತ ತಿಂದಿದ್ದುಂಟಾ ಅಂತ ಕೇಳಿದ ಹಾಗಾಯ್ತು! ಕೇಳೋದಾದ್ರೆ ಅಗೋ, ಆ ಪುಣ್ಯಾತ್ಮನ್ನ ಕೇಳಿ. ಶುಕ್ರವಾರ ಮಧ್ಯಾಹ್ನ ಪರೀಕ್ಷಾ ಕೋಣೇಲಿ ಹತ್ತು ನಿಮಿಷ ಒಬ್ಬನೇ ಇದ್ದ."

ಅವಳು ತೋರಿಸಿದ್ದು ಮೂರನೆಯ ಕೂಲರಿನ ಏಜೆಂಟನನ್ನು. ಆತ ಮೊಣಕಾಲ ಮೇಲೆ ಚೀಲವಿಟ್ಟುಕೊಂಡು ಯಜಮಾನರ ಭೇಟಿಗೆ ಕಾಯುತ್ತಿದ್ದ.

"ನೋಡ್ತಾ ನಿಂತಿದ್ದೆ ಅಷ್ಟೇ ಅಕ್ಕ! ನೋಡಿದ್ರೆ ಕೂಲರ್ ಬಿಸಿಯಾಗುತ್ತಾ?"

"ನಿನ್ನ ಕಣ್ಣು ಬಿದ್ರೆ ಮಂಜುಗಡ್ಡೆನೂ ಕುದಿಯುತ್ತೆ."

ಯಜಮಾನರು ನಮ್ಮನ್ನು ಗೌರವದಿಂದಲೇ ಕೂರಿಸಿದರು. ಮುಖ ಬಾಡಿತ್ತು. "ನಿಮ್ಮ ತಮ್ಮ ಒಳ್ಳೆ ಕೆಲಸಗಾರ. ಅಂಕಿಯೊಂದು ಹೀಗಾಯ್ತು. ಏನ್ಮಾಡೋದು? ನಾನೂ ಈ ಕೆಲಸ ಬಲ್ಲವನೇ. ಇಲ್ಲಿನ ಮೊದಲ ನೂರು ಯಂತ್ರ ಕೈಯಾರೆ ಕಟ್ಟಿದ್ದೀನಿ. ಆಗೆಲ್ಲ ಸಲೀಸು. ಪೊಟ್ಟಣದಿಂದ ತೆಗೀಬೇಕು, ಕೂರಿಸ್ಬೇಕು, ಮುಗೀತು."

ಕಿವಿಯಮ್ಮ ಮಾತು ಕೇಳುತ್ತಿದ್ದಂತೆ ಕಾಣಲಿಲ್ಲ. ಅವರ ತಲೆ ಮೇಜಿನ ಕೆಳಗಿದ್ದ ಯಜಮಾನರ ಕಂಪ್ಯೂಟರಿನ ಕಡೆ ವಾಲಿತ್ತು. "ಇದು ಮೊದಲಿಂದ ಹೀಗೇನಾ? ತುಂಬ ಮೆತ್ತಗಿದೆ."

"ಫ್ಯಾನು ಹೊಸದು" ಎಂದರು ಯಜಮಾನರು.

"ನಾಳೆ ಬೆಳಿಗ್ಗೆ ಎಲ್ಲರೂ ಪರೀಕ್ಷಾ ಕೋಣೆಗೆ ಬನ್ನಿ. ಮುಖ್ಯ ದಾದಿಗೂ ಹೇಳಿ ಕಳಿಸಿ. ನಿಮ್ಮ ಕಪಾಟಿನಲ್ಲಿ ಎರಡನೆಯ ಕೂಲರಿನ ಹೊಸ ಡಬ್ಬಗಳಿದ್ರೆ ಒಂದು ಬೇಕು."

"ಇನ್ನೊಂದೇ ಉಳಿದಿದೆ. ಕೊಡ್ತೀನಿ."

ದಾರಿಯಲ್ಲಿ ನಾನು ಕೇಳಿದೆ, "ಯಾರು ಅಂತ ಗೊತ್ತಾಯ್ತಾ?"

"ಆಯ್ತು. ಆದ್ರೆ ಅಣ್ಣ, ಗೊತ್ತಾದ್ರಿಂದ ಏನು ಬಂತು?" ಎಂದರು.

ಮರುದಿನ ಬೆಳಿಗ್ಗೆ ಆ ಪುಟ್ಟ ಕೋಣೆಯಲ್ಲಿ ಎಲ್ಲರೂ ಸೇರಿದೆವು. ತಮ್ಮನ ಸ್ಟೂಲಿನ ಮೇಲೆ ಯಾರೂ ಕೂರಲಿಲ್ಲ. ಗೋಡೆ ಗಡಿಯಾರ ಅವನು ನಿಲ್ಲಿಸಿದ ಹೊತ್ತಿನಲ್ಲೇ ನಿಂತಿತ್ತು.

ಶನಿವಾರದ ಅದೇ ಯಂತ್ರಕ್ಕೆ, ಕಿವಿಯಮ್ಮ ಹೇಳಿದಂತೆ, ಸ್ಕ್ರೂ ಅಕ್ಕ ಪ್ರೊಸೆಸರಿನ ಮೇಲೆ ಕಾವು ದಾಟಿಸುವ ಬೂದು ಪೇಸ್ಟ್ ಹಚ್ಚಿ, ಹೊಸ ಕೂಲರನ್ನು ಪೊರೆ ಕೀಳದೆ ಕೂರಿಸಿದಳು. "ಕೈ ಬರ್ತಿಲ್ಲ ಅಮ್ಮ" ಎಂದು ಗೊಣಗುತ್ತಲೇ ನಾಲ್ಕು ಸ್ಕ್ರೂ ಬಿಗಿದಳು. ಕಾವು ಏರಿತು. ಫ್ಯಾನು ಮೊದಲು ಉಸಿರಾಡಿತು, ಆಮೇಲೆ ನರಳಿತು, ಕೊನೆಗೆ ಕಿರುಚಿತು. ಎಂಟನೆಯ ನಿಮಿಷಕ್ಕೆ ತೊಂಬತ್ತೈದು. ಯಂತ್ರ ಆರಿತು.

"ಇದೇ ಸದ್ದು!" ಎಂದರು ಮುಖ್ಯ ದಾದಿ. "ಶನಿವಾರ ಕೇಳಿದ್ದು ಇದೇ."

"ಈಗ ಪೊರೆ ಕಿತ್ತು, ಒರೆಸಿ, ಹೊಸದಾಗಿ ಪೇಸ್ಟ್ ಹಚ್ಚಿ ಕೂರಿಸು" ಎಂದರು ಕಿವಿಯಮ್ಮ. ಅಕ್ಕ ಕಿತ್ತ ಪೊರೆಗೆ ಬೂದು ಪೇಸ್ಟ್ ಮೆತ್ತಿತ್ತು. ಅದನ್ನು ನೋಟ್‌ಬುಕ್ಕಿನ ನಾಲ್ಕನೆಯ ಪೊರೆಯ ಪಕ್ಕ ಹಿಡಿದರು. ಎರಡೂ ಅವಳಿಜವಳಿ.

"ಇನ್ನು ಒಂದು ಗಂಟೆ ಇದು ಓಡಲಿ. ಅಷ್ಟರಲ್ಲಿ ಹೇಳಿಬಿಡ್ತೀನಿ. ಕೂಲರ್ ಮೂರು, ಪೊರೆ ನಾಲ್ಕು. ಕೂರಿಸುವ ಮುಂಚೆ ಕಿತ್ತ ಪೊರೆ ತಿಳಿಯಾಗಿರುತ್ತೆ. ಕೂರಿಸಿದ ಮೇಲೆ ಕಿತ್ತದ್ದಕ್ಕೆ ಪೇಸ್ಟ್ ಮೆತ್ತಿರುತ್ತೆ. ಅಂದ್ರೆ ಶನಿವಾರ ಯಂತ್ರ ಆರಿದ ಮೇಲೆ ಇವರ ತಮ್ಮ ಒಬ್ಬರೇ ಇಲ್ಲಿ ಕೂತು ಅದನ್ನ ಬಿಚ್ಚಿದ್ರು. ಕೀಳದೆ ಬಿಟ್ಟ ಪೊರೆ ಕಂಡ್ರು. ಕಿತ್ತು ಅಂಟಿಸಿದ್ರು. ಒಂದು ಗಂಟೆ ಓಡಿಸಿ ಅರವತ್ತೆಂಟು, ಇಪ್ಪತ್ತಾರು ಅಂತ ಬರೆದ್ರು."

"ಹಾಗಾದ್ರೆ ಅಣ್ಣನೇ ಗುರುವಾರ ಕೀಳೋದು ಮರೆತಿದ್ರಾ?" ಎಂದ ಏಜೆಂಟ್.

"ಮರೆತಿದ್ರೆ ಗುರುವಾರವೇ ತೊಂಬತ್ತೈದು ಬರ್ತಿತ್ತಲ್ಲಪ್ಪ. ಎರಡನೆಯದರ ತಿಳಿ ಪೊರೆಯೂ ಪುಟದಲ್ಲಿದೆ. ಇನ್ನೊಂದು ಮಾತು. ಗುರುವಾರದ ಕೂಲರ್ ಸುತ್ತಿಗೊಮ್ಮೆ ಟಿಕ್ ಅಂತಿತ್ತು. ಶನಿವಾರದ್ದು ಅನ್ನಲಿಲ್ಲ. ಅದು ಬೇರೆ ಕೂಲರ್. ಶುಕ್ರವಾರ ಐದರ ಮೇಲೆ ಯಾರೋ ಹಳೇದು ತೆಗೆದು ಹೊಸದು ಕೂರಿಸಿದ್ದಾರೆ. ಅಕ್ಕ ಕೂರಿಸಿದ್ರೆ ಪೊರೆ ಉಳೀತಿರಲಿಲ್ಲ. ನಿನ್ನ ಚೀಲದಲ್ಲಿ ಮೂರನೆಯ ಕೂಲರ್ ಬಿಟ್ಟು ಬೇರೆ ಇಲ್ಲ, ನೀನು ಬಂದದ್ದೂ ಐದಕ್ಕೆ ಮುಂಚೆ. ಎರಡನೆಯದರ ಹೊಸ ಡಬ್ಬ ಇದ್ದದ್ದು ಒಂದೇ ಕಪಾಟಿನಲ್ಲಿ. ಕೂಲರಿಗೆ ಪೊರೆಯೇ ಇಲ್ಲದ ಕಾಲದಲ್ಲಿ ಕೆಲಸ ಕಲಿತ ಕೈಯೂ ಇಲ್ಲಿ ಒಂದೇ."

ಕಿವಿಯಮ್ಮ ಯಜಮಾನರ ಕಡೆ ತಿರುಗಿದರು.

"ಆ ಟಿಕ್ ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೆ. ನಿನ್ನೆ ಕೇಳಿಸ್ತು. ನಿಮ್ಮ ಮೇಜಿನ ಕೆಳಗೆ, ಯಜಮಾನರೇ. ಬಿಚ್ಚಿ ನೋಡಲಾ?"

"ಬೇಡ." ಯಜಮಾನರು ಗೋಡೆಗೆ ಒರಗಿದರು. "ನಾನೇ. ದಾದಿಯಮ್ಮ ಆ ಟಿಕ್ ಕೇಳಿ ಬೇಡ ಅಂದುಬಿಟ್ರೆ ಅಂತ ಶುಕ್ರವಾರ ಸಂಜೆ ಬದಲಾಯಿಸಿದೆ. ಹಳೇದನ್ನ ಎಸೆಯೋಕೆ ಮನಸ್ಸಾಗದೆ ನನ್ನ ಯಂತ್ರಕ್ಕೆ ಹಾಕ್ಕೊಂಡೆ. ಪೊರೆ ಇರುತ್ತೆ ಅಂತ ದೇವರಾಣೆ ನನಗೆ ಗೊತ್ತಿರಲಿಲ್ಲ. ಕೂಲರೇ ಕೆಟ್ಟದ್ದು ಅಂದ್ಕೊಂಡೆ. ಆದ್ರೆ ಬದಲಾಯಿಸಿದ್ದು ನಾನು ಅಂತ ಅಷ್ಟು ಜನರ ಮುಂದೆ ಬಾಯಿಬಿಡೋಕೆ ಆಗ್ಲಿಲ್ಲ. ಅವನ ಮೇಲೆ ಹಾರಿಬಿಟ್ಟೆ."

"ಆಮೇಲೆ?"

"ಹನ್ನೊಂದೂ ಮುಕ್ಕಾಲು ದಾಟಿತ್ತು. ಅವನ ಕೋಣೆಯಿಂದ ಇಂಟರ್‌ಕಾಮ್‌ನಲ್ಲಿ ಕರೆದ. 'ಸಾರ್, ಒಂದ್ಸಲ ಬಂದು ನೋಡಿ, ಸರಿಹೋಗಿದೆ' ಅಂದ. ಅಷ್ಟೇ ಅಂದದ್ದು. ನಾಚಿಕೆಗೆ ನಾನು ಹೋಗ್ಲಿಲ್ಲ. ನನ್ನ ಕೋಣೆಯಿಂದ ಅಲ್ಲಿಗೆ ಹತ್ತೇ ಹೆಜ್ಜೆ."

ಸ್ಕ್ರೂ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತಮ್ಮನ ಮಗಳು ನೋಟ್‌ಬುಕ್ ನೋಡುತ್ತಲೇ ಕೇಳಿದಳು, "ಅಜ್ಜಿ, ಹಾಗಾದ್ರೆ ಅಪ್ಪಂಗೆ ತಪ್ಪು ತನ್ನದಲ್ಲ ಅಂತ ಗೊತ್ತಾಗಿತ್ತಾ?"

"ಗೊತ್ತಾಗಿತ್ತು ಮಗು. ಒಂದು ಗಂಟೆಯಾದರೂ ಗೊತ್ತಿತ್ತು."

"ಯಾರಿಗಾದ್ರೂ ಹೇಳಬೇಕು ಅನ್ನಿಸಿರುತ್ತೆ ಅಲ್ವಾ?"

ಅವಳು ಆಗ ಅತ್ತಳು. ನನ್ನ ಜೇಬಿನಲ್ಲಿದ್ದ ಫೋನು ಕಲ್ಲಿನಂತೆ ಭಾರವಾಯಿತು.

ಗಂಟೆ ತುಂಬಿತು. ಮುಖ್ಯ ದಾದಿ ತಾವೇ ಬಗ್ಗಿ ಮಾಪಕ ಓದಿದರು. ಅರವತ್ತೆಂಟು. ಇಪ್ಪತ್ತಾರು. ಯಂತ್ರ ಓಡುತ್ತಿದೆಯೋ ಇಲ್ಲವೋ ಎಂಬಷ್ಟು ಮೌನ. "ಅವರು ಆರಿಸಿದ್ದೇ ಇರಲಿ. ಹಾಸಿಗೆ ಪಕ್ಕ ಇದನ್ನೇ ಇಡ್ತೀವಿ" ಎಂದರು. ಯಜಮಾನರು ಎಲ್ಲರೆದುರು ಕೈಮುಗಿದು, ಅವನ ಅಂಕಿ ನಿಜ, ತನ್ನ ಮಾತು ಸುಳ್ಳು ಎಂದು ಕಾಗದದ ಮೇಲೆ ಬರೆದುಕೊಟ್ಟರು. ಹುಡುಗಿ ಅದನ್ನು ಮಡಿಸಿ ನಾಲ್ಕನೆಯ ಪೊರೆಯ ಪುಟದಲ್ಲಿ ಇಟ್ಟಳು.

ಹೊರಡುವಾಗ ಯಜಮಾನರು ನನ್ನ ಕಾಲಿಗೆ ಬಗ್ಗಿದರು. ನಾನು ಹಿಡಿದೆತ್ತಿದೆ. ಕ್ಷಮಿಸುವಷ್ಟು ದೊಡ್ಡವನೆಂದಲ್ಲ. ಆ ಮಧ್ಯಾಹ್ನ ನನ್ನ ತಮ್ಮ ಕರೆದದ್ದು ಇಬ್ಬರನ್ನು. ಇಬ್ಬರೂ ಹೋಗಲಿಲ್ಲ. ಒಬ್ಬರಿಗೆ ನಾಚಿಕೆ ಅಡ್ಡ ಬಂತು. ಇನ್ನೊಬ್ಬನಿಗೆ ಏನು ಅಡ್ಡ ಬಂತೆಂದು ಹೇಳಲೂ ನನಗೆ ಬಾಯಿಲ್ಲ.

ಈಗಲೂ ಅದೇ ಹೊತ್ತಿಗೆ ಪ್ರಾರ್ಥನೆಗೆ ಕೂರುತ್ತೇನೆ. ಫೋನಿನ ಸದ್ದು ಮಾತ್ರ ಅಡಗಿಸುವುದಿಲ್ಲ. ದೇವರೇ, ಜೀವನವಿಡೀ ಇತರರ ನಿದ್ದೆಗಾಗಿ ಸದ್ದು ಅಳೆದವನು ಅವನು. ಅವನ ಎದೆಯ ಕಾವು ತಣಿಯಲಿ. ಅವನು ಕರೆದರೆ ನೀನಾದರೂ ಓಗೊಡು. ಸದ್ದಿಲ್ಲದ ಕಡೆ ಅವನನ್ನು ಮಲಗಿಸು ತಂದೆ, ನನ್ನ ತಮ್ಮನಿಗೆ ಶಾಂತಿ ಕೊಡು.