ಸೌಟು ಹಿಡಿದ ಮಾಟಗಾತಿ

ಕಾಮಿಕ್ಸ್ ಸೃಷ್ಟಿಸಿದವರಿಗೆಲ್ಲ ಸನ್ಮಾನ ಎಂದು ಮನಿಲಾದ ಒಂದು ವಸ್ತುಸಂಗ್ರಹಾಲಯ ಸಾರಿದಾಗ ಮೆಲ್ಚೋರ್ ಟುಗಾಡೆ ಇಸ್ತ್ರಿ ಮಾಡಿದ ಬಾರೊಂಗ್ ಅಂಗಿ ತೊಟ್ಟು ಹೋಗಿದ್ದ. ಯೌವನವೆಲ್ಲ ಅವನು ಮಾಡಿದ್ದು ಒಂದೇ ಕೆಲಸ. ಬೇರೆಯವರು ಬರೆದ ಚಿತ್ರಗಳಲ್ಲಿ, ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಗಳೊಳಗೆ ಮಾತುಗಳನ್ನು ಕೈಯಿಂದ ತುಂಬುವುದು. ಅವನಿಲ್ಲದಿದ್ದರೆ ದೇಶದ ಅರ್ಧ ವೀರರು ಮೂಕರಾಗಿಯೇ ಸಾಯುತ್ತಿದ್ದರು. ಆದರೆ ವೇದಿಕೆಯ ಫೋಟೋಗೆ ನಿಲ್ಲಲು ಹೋದಾಗ ಸಂಗ್ರಹಾಲಯದ ನಿರ್ದೇಶಕಿ ರೊವೆನಾ ಅವನ ಮೊಣಕೈ ಹಿಡಿದು ಪಕ್ಕಕ್ಕೆ ಸರಿಸಿದಳು.

"ಸ್ವಲ್ಪ ಈಚೆ ಬನ್ನಿ ತಾತ. ಇದು ಕಲಾವಿದರ ಫೋಟೋ. ಅಕ್ಷರ ಬರೆದವ್ರಿಗೆ ಹಿಂದ್ಗಡೆ ತಿಂಡಿ ಇಟ್ಟಿದೀವಿ."

ತಿಂಡಿ ಎಂದರೆ ತಣ್ಣಗಾದ ಲುಂಪಿಯಾ ಸುರುಳಿ. ಮೆಲ್ಚೋರ್ ಅದನ್ನು ತಿಂದ. ಲುಂಪಿಯಾ ಹೇಗೋ ಜೀರ್ಣವಾಯಿತು, ಅವಮಾನ ಆಗಲಿಲ್ಲ.

ತಟ್ಟೆ ಹಿಡಿದು ನಿಂತಲ್ಲೇ, ಎದುರಿನ ಗೋಡೆಯ ಮೇಲೆ ಒಂದು ದೊಡ್ಡ ಪ್ರಕಟಣೆ ಕಂಡಿತು. ಅಲಿತಪ್ತಪ್, ಅಂದರೆ ಮಿಂಚುಹುಳ, ಎಂಬ ಹೆಸರಿನಲ್ಲಿ ಕಾಮಿಕ್ಸ್ ಬರೆಯುತ್ತಿದ್ದ ನಿಕಾನೋರ್ ಲಗ್ದಮೆಯೊ ಎಲ್ಲಿದ್ದಾರೆ? ಮೂವತ್ತು ವರ್ಷದ ಹಿಂದೆ ಧಾರಾವಾಹಿಯನ್ನು ಅರ್ಧಕ್ಕೇ ಬಿಟ್ಟು ಕಣ್ಮರೆಯಾದ ಮಹಾನುಭಾವನಿಗಾಗಿ ಪದಕ ಕಾದಿದೆ, ಬದುಕಿರುವ ತನಕ ಮಾಸಾಶನವೂ ಕಾದಿದೆ.

ಮೆಲ್ಚೋರ್‌ಗೆ ನಗು ಬಂತು. ನಿಕಾನೋರ್ ಎಲ್ಲಿದ್ದಾನೆಂದು ಅವನಿಗೆ ಗೊತ್ತಿತ್ತು: ಸಮುದ್ರದ ತಳದಲ್ಲಿ. ನಿಕಾನೋರನ ಪುಟಗಳನ್ನು ಮುದ್ರಣಾಲಯಕ್ಕೆ ಹೊತ್ತು ತರುತ್ತಿದ್ದ ಆಳು ಸಾಯುವ ಮೊದಲು ಹೇಳಿದ್ದ. ನಾನೇ ಅವನನ್ನು ಹಡಗು ಹತ್ತಿಸಿ ಬಂದಿದ್ದೆ, ಆ ಹಡಗು ಮುಳುಗಿತು ಎಂದು. ನಮ್ಮ ಹಡಗುಗಳಲ್ಲಿ ಪ್ರಯಾಣಿಕರ ಪಟ್ಟಿಯಲ್ಲಿ ಇರುವವರಷ್ಟೇ ಇಲ್ಲದವರೂ ಹೋಗುತ್ತಾರೆ. ನಿಕಾನೋರ್ ಇಲ್ಲದವರ ಪೈಕಿ. ಹಾಗಾಗಿ ಕಾಗದದ ಪ್ರಕಾರ ಅವನು ಸತ್ತೇ ಇಲ್ಲ. ಸಾಯದವನು ವಾಪಸು ಬಂದರೆ ಯಾರ ಗಂಟೇನು ಹೋಗುತ್ತದೆ?

ಮೆಲ್ಚೋರ್ ಆತುರಪಡಲಿಲ್ಲ. ಗಡ್ಡ ಬಿಟ್ಟ. ಮುದ್ರೆ ಬೇಕೆಂದರೆ ಮುದ್ರೆ, ಸಹಿ ಬೇಕೆಂದರೆ ಸಹಿ ಹಾಕಿಕೊಡುವ ಗಲ್ಲಿಯೊಂದರಲ್ಲಿ ನಿಕಾನೋರನ ಹೆಸರಿನ ಗುರುತಿನ ಚೀಟಿ ಮಾಡಿಸಿಕೊಂಡ. ಪ್ರಕಾಶಕ ಸತ್ತಿದ್ದ, ಸಂಪಾದಕ ಸತ್ತಿದ್ದ, ನಿಕಾನೋರ್ ಬಾಡಿಗೆಗಿದ್ದ ಮನೆಯ ಜಾಗದಲ್ಲಿ ಈಗ ಮಾಲ್ ಇತ್ತು. ಒಂಟಿ ಮನುಷ್ಯ, ಮಾತು ಕಡಿಮೆ ಎಂದು ಆ ಆಳೇ ಹೇಳಿದ್ದ. ಮೂವತ್ತು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ಸಿದ್ಧವಿತ್ತು: "ನನ್ನ ಗೆರೆಗಳು ಮೌನ ಬೇಡಿದವು." ಓದಿದವರಿಗೆ ಇಂಥದ್ದು ಬಹಳ ಹಿಡಿಸುತ್ತದೆ. ಮುಂದೆ ರೊವೆನಾ ಇದನ್ನು ಕೇಳಿ ಕಣ್ಣೊರೆಸಿಕೊಂಡಳು.

ಉಳಿದದ್ದು ಕೈಚಳಕ. ನಿಕಾನೋರನ ಪುಟಗಳ ಮೇಲೆ ವರ್ಷಗಟ್ಟಲೆ ಅಕ್ಷರ ಬರೆದಿದ್ದವನಿಗೆ ನಿಬ್ಬು ಎಲ್ಲಿ ಒತ್ತುತ್ತದೆ, ಎಲ್ಲಿ ತೇಲುತ್ತದೆ ಎಂಬುದು ಬಾಯಿಪಾಠವಾಗಿತ್ತು. ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಮಾಡಿದ್ದು ಆ ಧಾರಾವಾಹಿಯ ಡೋನ್ಯಾ ಉವಾಕ್ ಎಂಬ ಮಾಟಗಾತಿಯನ್ನು. ಅಭಿಮಾನಿಗಳಿಗೆ ನಾಯಕಿಗಿಂತ ಅವಳೇ ಇಷ್ಟ. ಅಗಲ ದವಡೆ, ಮೇಲೆ ಹಾರಿದ ಒಂದು ಹುಬ್ಬು, ಗಲ್ಲದ ಮೇಲೆ ಮಚ್ಚೆ, ಕೈಯಲ್ಲಿ ಕತ್ತು ಸೊಟ್ಟಗಾದ ಒಂದು ಸೌಟು. ಮಾಟಗಾತಿಗೆ ಮಂತ್ರದಂಡ ಬಿಟ್ಟು ಸೌಟು ಯಾಕೆ ಎಂದು ಮೆಲ್ಚೋರ್ ಕೇಳಿಕೊಳ್ಳಲಿಲ್ಲ. ಅದು ಎಷ್ಟು ಸೊಟ್ಟ ಎಂಬುದನ್ನು ಮಾತ್ರ ಅಳೆದುಕೊಂಡ.

ಎಲ್ಲ ಸಿದ್ಧವಾದ ಮೇಲೆ ಅವನು ನಿಕಾನೋರನಾಗಿ ಸಂಗ್ರಹಾಲಯದ ಬಾಗಿಲು ತಟ್ಟಿದ, ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ಮರುವರ್ಷದ ಸನ್ಮಾನದ ದಿನ ಸಭಾಂಗಣ ಕಿಕ್ಕಿರಿದಿತ್ತು. ರಟ್ಟಿನ ರೆಕ್ಕೆ ಕಟ್ಟಿಕೊಂಡ ಹುಡುಗರು, ಬಣ್ಣ ಬಳಿದುಕೊಂಡ ಹುಡುಗಿಯರು. ಮೂರನೆಯ ಸಾಲಿನಲ್ಲಿ ಮುದುಕಿಯೊಬ್ಬಳು ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲವಿಟ್ಟುಕೊಂಡು, ಅರ್ಧ ಮುಖಕ್ಕೆ ಬೀಸಣಿಗೆ ಅಡ್ಡ ಹಿಡಿದು ಕೂತಿದ್ದಳು. ಪುಕ್ಕಟೆ ಊಟಕ್ಕೆ ಬಂದವಳು ಎಂದುಕೊಂಡ ಮೆಲ್ಚೋರ್. ಕಳೆದ ವರ್ಷದ ತನ್ನ ತಟ್ಟೆ ಅವನಿಗೆ ಮರೆತೇಹೋಗಿತ್ತು. ರೊವೆನಾಳಿಗೂ ಅವನ ಗುರುತು ಹತ್ತಲಿಲ್ಲ. ಹೋದ ಸಲ ಅವಳು ಮುಖ ನೋಡಿದ್ದರೆ ತಾನೆ?

"ಡೋನ್ಯಾ ಉವಾಕ್ ಬರೀರಿ ಸಾರ್," ಎಂದರು ಅವನನ್ನು ಪರೀಕ್ಷಿಸಲು ಕೂತಿದ್ದ ತಜ್ಞರು.

ಅವನು ಬರೆದ. ಗೆರೆ ಎಳೆದಂತೆಲ್ಲ ಅದು ಪರದೆಯ ಮೇಲೆ ಆಳೆತ್ತರ ಮೂಡಿತು. ದವಡೆ, ಹುಬ್ಬು, ಮಚ್ಚೆ, ಕೊನೆಗೆ ಸೊಟ್ಟ ಸೌಟು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದು ಅವರ ಕೈಯೇ, ಅನುಮಾನವಿಲ್ಲ ಎಂದರು ತಜ್ಞರು. ವಕೀಲರ ಮುಂದೆ ಬಲಗೈ ಎತ್ತಿ ಮೆಲ್ಚೋರ್ ಪ್ರಮಾಣ ಮಾಡಿದ: ಮರಿಂಡುಕೆ ದ್ವೀಪದಲ್ಲಿ ಹುಟ್ಟಿದ ನಿಕಾನೋರ್ ಲಗ್ದಮೆಯೊ ನಾನೇ. ಸಹಿ ಬಿತ್ತು, ಪದಕ ಕೊರಳಿಗೆ ಬಿತ್ತು. ಫೋಟೋಗೆ ರೊವೆನಾ ಅವನ ಮೊಣಕೈ ಹಿಡಿದಳು, ಈ ಸಲ ನಟ್ಟನಡುವೆ ಎಳೆದು ನಿಲ್ಲಿಸಲು. ಇಡೀ ಯೋಜನೆಯಲ್ಲಿ ಅವನಿಗೆ ಅತ್ಯಂತ ಸುಖ ಕೊಟ್ಟ ಗಳಿಗೆ ಅದು.

ಆಗ ಮೂರನೆಯ ಸಾಲಿನ ಮುದುಕಿ ವೇದಿಕೆ ಹತ್ತಿ ಬಂದು ಬೀಸಣಿಗೆ ಮಡಚಿದಳು. ಅಗಲ ದವಡೆ. ಹಾರಿದ ಹುಬ್ಬು. ಮಚ್ಚೆ. ಒಂದು ವರ್ಷ ಹಗಲೂರಾತ್ರಿ ತಿದ್ದಿ ತೀಡಿದ್ದ ಮುಖ ಉಸಿರಾಡುತ್ತ ಎದುರಿಗೆ ನಿಂತಿತ್ತು.

"ನನ್ ಗಂಡ ಕಣಮ್ಮಾ," ಎಂದಳು ರೊವೆನಾಳಿಗೆ. "ನಾನು ಪುರಿಟಾ. ಮನೆಗೆ ಬರ್ತೀನಿ ಅಂತ ಹೇಳಿ ಕಳಿಸಿ ಮೂವತ್ ವರ್ಷ ಆಯ್ತು. ಈಗ ದಾರಿ ಸಿಕ್ಕಿದೆ ನೋಡು ದೊರೆಗೆ."

"ಯಾರಮ್ಮಾ ನೀವು?" ಎಂದ ಮೆಲ್ಚೋರ್. "ನಂಗೆ ಮದುವೆನೇ ಆಗಿಲ್ಲ."

ಪುರಿಟಾ ಅಳುತ್ತ ಅವನನ್ನು ತಬ್ಬಿಕೊಂಡಳು. ಅವನ ಕಿವಿಯಲ್ಲಿ ಪಿಸುಗುಟ್ಟಿದ ದನಿಯಲ್ಲಿ ಮಾತ್ರ ಅಳು ಇರಲಿಲ್ಲ. "ನೀನು ಅವನಲ್ಲ ಅಂತ ನಂಗೊತ್ತಿಲ್ವಾ? ಹಡಗಿನ ಪಟ್ಟೀಲಿ ಅವನ ಹೆಸರಿಲ್ಲ ಅಂತ ಪರಿಹಾರ ಕೊಡ್ಲಿಲ್ಲ. ಸತ್ತಿಲ್ಲ ಅಂತ ಇನ್ನೊಂದು ಮದುವೆಗೂ ಬಿಡ್ಲಿಲ್ಲ. ಈಗ ನೀನಾಗೇ ಆಣೆ ಮಾಡಿದೀಯ. ಅಲ್ಲ ಅನ್ನು ನೋಡಣ, ಇಲ್ಲಿಂದ ಸೀದಾ ಜೈಲು. ಹೌದು ಅನ್ನು, ನನ್ ಊಟದಂಗಡೀಲಿ ಪಾತ್ರೆ ತೊಳಿಯೋನು ಬಿಟ್ಟು ಹೋಗಿದಾನೆ. ಮಾಸಾಶನ ನಂಗೆ."

ಯಾರೋ ತಲೆಕೆಟ್ಟ ಅಭಿಮಾನಿ ಎಂದು ಹೇಳಲು ಮೆಲ್ಚೋರ್ ಬಾಯಿ ತೆರೆದ. ಅಷ್ಟರಲ್ಲಿ ಅವಳು ಚೀಲಕ್ಕೆ ಕೈಹಾಕಿ ಮಸಿ ಹಿಡಿದ ಹಳೆಯ ಸೌಟೊಂದನ್ನು ತೆಗೆದು, ಇವನ ಬೆನ್ನ ಮೇಲೇ ಸೊಟ್ಟಗಾದದ್ದು ಎನ್ನುತ್ತ ಪರದೆಗೆ ಹಿಡಿದಳು. ಚಿತ್ರಕ್ಕೂ ಅದಕ್ಕೂ ಒಂದೆಳೆ ವ್ಯತ್ಯಾಸವಿರಲಿಲ್ಲ. ಅಷ್ಟು ಶ್ರದ್ಧೆಯಿಂದ ಅವನೇ ಅಳೆದು ಬರೆದಿದ್ದ. ತಜ್ಞರು ಕನ್ನಡಕ ಸರಿಮಾಡಿಕೊಂಡು ಮತ್ತೆ ತಲೆಯಾಡಿಸಿದರು, ಸಭೆ ಬಿಕ್ಕಿ ಬಿಕ್ಕಿ ಅತ್ತಿತು, ಗಂಡ ಹೆಂಡತಿ ಇನ್ನೂ ಸ್ವಲ್ಪ ಹತ್ತಿರ ನಿಲ್ಲಿ ಎಂದಳು ರೊವೆನಾ. ಫೋಟೋದ ಬೆಳಕು ಕಣ್ಣಿಗೆ ಹೊಡೆದಾಗ ಮೆಲ್ಚೋರ್‌ಗೆ ನೆನಪಾಯಿತು, ಚರ್ಚಿನಲ್ಲಿ ಮದುವೆಯಾದವರಿಗೆ ನಮ್ಮ ದೇಶದಲ್ಲಿ ವಿಚ್ಛೇದನವಿಲ್ಲ.