ಮುಖವಿಲ್ಲದ ತಾಮ್ರದ ಮೃಗ

ಬಹಳ ಹಿಂದೆ, ಬೆಟ್ಟಗಳ ನಡುವಿನ ಸಾಲುಕೋಟೆ ಎಂಬ ರಾಜ್ಯವನ್ನು ಚಂಪಲಾದೇವಿ ಎಂಬ ರಾಣಿ ಆಳುತ್ತಿದ್ದಳು. ಅವಳ ಅರಮನೆಯಲ್ಲಿ ಒಡವೆ, ವಿಗ್ರಹಗಳಿಗೆ ಬೆಲೆ ಕಟ್ಟುವವಳು ಸೋವಲೆ. ಅವಳು ಕಟ್ಟಿದ ಬೆಲೆಯನ್ನು ಹೊರನಾಡಿನ ರಾಜರೂ ಒಪ್ಪುತ್ತಿದ್ದರು.

ಒಂದು ದಿನ ಧೂಮಜಟನೆಂಬ ಮಾಂತ್ರಿಕ ತಾಮ್ರದ ಮೃಗವೊಂದನ್ನು ತಂದು ಆಸ್ಥಾನದ ನಡುವೆ ನಿಲ್ಲಿಸಿದ. ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಅದಕ್ಕೆ ಮುಖವಿಲ್ಲ, ಕಣ್ಣಿಲ್ಲ. ಬಾಗಿಸಿದ ತಗಡುಗಳು, ಚೂಪು ಕಾಲುಗಳು, ಹೊಟ್ಟೆಯ ಜಾಗದಲ್ಲಿ ದೊಡ್ಡ ತೂತು. ಆದರೂ ಇನ್ನೇನು ಜಿಗಿದೇಬಿಟ್ಟಿತು ಅನ್ನುವ ಹಾಗಿತ್ತು.

"ಮೂರು ಸಲ ಇದರ ಬೆಲೆ ಹೇಳಬಹುದು. ಸರಿಯಾದರೆ ಮೃಗ ನಿಮ್ಮದು. ಮೂರೂ ತಪ್ಪಿದರೆ ಮೃಗದ ಜೊತೆ ಊರೂ ನನ್ನದು," ಎಂದ ಮಾಂತ್ರಿಕ.

ರಾಣಿ ಬೇಡವೆನ್ನುವಷ್ಟರಲ್ಲಿ ಅವನು ಕೋಲು ಕುಟ್ಟಿದ. ಕೋಟೆಯ ಬಾಗಿಲುಗಳೆಲ್ಲ ಮುಚ್ಚಿಕೊಂಡವು.

ಅಂದಿನಿಂದ ಊರಿಗೆ ನೆಮ್ಮದಿಯಿಲ್ಲ. ಕೂತವರು ಏಳುತ್ತಿದ್ದರು, ಎದ್ದವರು ಸುಮ್ಮನೆ ಸುತ್ತುತ್ತಿದ್ದರು. ಕುದುರೆಗಳು ಲಾಯ ಒದೆಯುತ್ತಿದ್ದವು. ತೊಟ್ಟಿಲ ಕೂಸುಗಳೂ ಕಣ್ಣು ಮುಚ್ಚಲಿಲ್ಲ.

ಸೋವಲೆ ಮೃಗವನ್ನು ತೂಗಿದಳು, ಒರೆಗೆ ಹಚ್ಚಿದಳು. "ಇದರ ತೂಕದಷ್ಟು ತಾಮ್ರವೇ ಇದರ ಬೆಲೆ," ಎಂದಳು.

"ತಪ್ಪು!" ಎಂದ ಮಾಂತ್ರಿಕ. ಅವಳ ಎಡಗೈ ತಾಮ್ರವಾಯಿತು.

ಸೋವಲೆ ಮೃಗದ ಸುತ್ತ ನಡೆದಳು, ಮತ್ತೆ ನಡೆದಳು. "ಮಾಡಿದವನು ಮೈಯನ್ನೆಲ್ಲ ಬಿಟ್ಟು ಬರೀ ಓಟವನ್ನು ಹಿಡಿದಿದ್ದಾನೆ. ಇಂಥ ಕೆಲಸಕ್ಕೆ ಅರ್ಧ ರಾಜ್ಯ ಕೊಡಬಹುದು," ಎಂದಳು.

"ತಪ್ಪು!" ಅವಳ ಬಲಗೈಯೂ ತಾಮ್ರವಾಯಿತು.

ರಾಣಿ ಓಡಿಬಂದು ಅವಳ ಭುಜ ಹಿಡಿದಳು. "ಸಾಕು ಸೋವಲೆ. ಊರು ಹೋದರೆ ಹೋಗಲಿ, ನೀನು ಉಳಿಯಬೇಕು."

"ಇನ್ನೊಂದು ಸಲ ನೋಡುತ್ತೇನೆ ತಾಯಿ," ಎಂದಳು ಸೋವಲೆ. ಮುಟ್ಟಿ ನೋಡಲು ಕೈಗಳಿಲ್ಲ. ಅವಳು ಮೃಗದ ಎದೆಗೆ ಕೆನ್ನೆ ಆನಿಸಿದಳು. ಒಳಗೆ ಎದೆ ಹೊಡೆದುಕೊಳ್ಳುತ್ತಿತ್ತು. ತಾಮ್ರದೊಳಗಿಂದ ಸಣ್ಣ ದನಿ ಬಂತು.

"ಅಕ್ಕಾ, ನಾನು ಜಿಂಕೆ. ಮರಿಯ ಹತ್ತಿರ ಓಡುತ್ತಿದ್ದೆ. ಇವನು ನನ್ನ ಮುಖ ಕಿತ್ತುಕೊಂಡು, ಓಟವನ್ನು ತಾಮ್ರದಲ್ಲಿ ಕೂಡಿಹಾಕಿದ. ಬಲ್ಲವರು ಮೂರನೆಯ ಸಲ ಬೆಲೆ ಕಟ್ಟಿದರೆ ನಾನು ಎಂದೆಂದಿಗೂ ಇವನ ಸರಕು."

ಹಾಗಾದರೆ ಯಾವ ಬೆಲೆ ಹೇಳಿದರೂ ತಪ್ಪೇ. ತಾನೇ ಎರಡು ಸಲ ಈ ತಾಯಿಯ ಕಟ್ಟು ಬಿಗಿಮಾಡಿದೆನಲ್ಲ ಎಂದುಕೊಂಡಳು ಸೋವಲೆ.

"ಏನಮ್ಮ, ಬೇಗ ಹೇಳು!" ಮಾಂತ್ರಿಕ ಹಲ್ಲು ಕಿರಿದ.

ಸೋವಲೆ ತಿರುಗಿ ನಿಂತಳು. "ನಾನು ಬೆಲೆ ಕಟ್ಟುವುದಿಲ್ಲ."

"ಕಟ್ಟಲೇಬೇಕು!"

"ಇದು ಕದ್ದ ಮಾಲು. ಕದ್ದದ್ದಕ್ಕೆ ನಮ್ಮಲ್ಲಿ ಬೆಲೆ ಕಟ್ಟುವ ಪದ್ಧತಿಯಿಲ್ಲ, ವಾರಸುದಾರರಿಗೆ ಒಪ್ಪಿಸುತ್ತೇವೆ. ಈ ಓಟ ಈ ಜಿಂಕೆಯದು. ತಗೋ ತಾಯಿ, ನಿನ್ನದು ನಿನಗೆ!"

ತಾಮ್ರ ಟಣ್ಣನೆ ಸೀಳಿತು. ಕಂದು ಬಣ್ಣದ ಜಿಂಕೆಯೊಂದು ಒಳಗಿಂದ ಚಿಮ್ಮಿತು. ಬಾಗಿಲುಗಳು ತಾವಾಗಿ ತೆರೆದವು. ಊರಿನ ತಳಮಳವೆಲ್ಲ ಒಟ್ಟಾಗಿ ಧೂಮಜಟನ ಕಾಲಿಗೆ ಇಳಿಯಿತು. ಅವನು ನಿಲ್ಲಲಾರದೆ ಓಡಿದ, ಗಡಿ ದಾಟಿ ಓಡಿದ, ಮತ್ತೆಂದೂ ಆ ಕಡೆ ಸುಳಿಯಲಿಲ್ಲ.

ಸೋವಲೆಗೆ ಕೈಗಳು ಮರಳಿದವು. ಆ ಮಧ್ಯಾಹ್ನ ಊರಿಗೆ ಊರೇ ಮಲಗಿತು. ರಾಣಿ ಸಿಂಹಾಸನದ ಮೆಟ್ಟಿಲಲ್ಲೇ ಒರಗಿ ಗೊರಕೆ ಹೊಡೆದಳು. ಬೆಟ್ಟದ ಹುಲ್ಲಿನಲ್ಲಿ ಮರಿಯೊಂದು ಹಾಲು ಕುಡಿಯಿತು. ಅಲ್ಲಿಂದಾಚೆ ಸಾಲುಕೋಟೆಯವರು ತಣ್ಣಗೆ ಬಾಳಿದರು.